ಅಜ್ಜನ ಡಿಸ್ಕ್ ಉಳಿಸಿಕೊಟ್ಟವರಿಗೆ

ಹೋದ ಭಾನುವಾರ ಅಜ್ಜಿಯ ಕೈಗೆ ಒಂದು ಪುಸ್ತಕ ಕೊಟ್ಟೆವು. ತೀರ್ಥಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ್ದು, 140 ಪುಟ. ಒಳಗಿರುವುದೆಲ್ಲ ಅಜ್ಜಿ ಹೇಳಿ ಅಜ್ಜ ಟೈಪ್ ಮಾಡಿದ ಹಾಡುಗಳು: ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಭೂಮಿ ಹುಣ್ಣಿಮೆಯ ಹಾಡು. ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲ ಪುಟದ ಮೇಲೆ ಕೈಯಾಡಿಸಿ, "ಇದು ಹೋಗೇ ಹೋಯ್ತು ಅಂತ ಮಾಡಿದ್ದೆ ಮಾರಾಯ" ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅದು ಹೋಗದ ಹಾಗೆ ನೋಡಿಕೊಂಡವರಿಗೆ ನಾಲ್ಕು ಮಾತು ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2007ರಲ್ಲಿ, ಅಕ್ಕನ ಓದಿಗೆ ಅಂತ. ಅದನ್ನು ನಿಜವಾಗಿ ಬಳಸಿದವರು ಅಜ್ಜ. ಶಾಲೆ ಮಾಸ್ತರಿಕೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೆ, ಎಪ್ಪತ್ತರ ವಯಸ್ಸಿನಲ್ಲಿ, ನುಡಿ ತಂತ್ರಾಂಶದಲ್ಲಿ ಒಂದೊಂದೇ ಬೆರಳಿಟ್ಟು ಟೈಪಿಂಗ್ ಕಲಿತರು. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅದರಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. 'ಅಕ್ಕ' ಅಂತ ಬರೆಯಲು ಎ, ಕೆ, ಎಫ್, ಕೆ. ಕನ್ನಡದಲ್ಲಿ ಒತ್ತಿಲ್ಲದ ಸಾಲು ಎಲ್ಲಿದೆ? ಅಜ್ಜನ ಕೀಬೋರ್ಡಿನಲ್ಲಿ ಬೇರೆ ಕೀಲಿಗಳ ಅಕ್ಷರ ಇನ್ನೂ ಕಾಣುತ್ತವೆ. ಎಫ್ ಮಾತ್ರ ನುಣ್ಣಗೆ ಸವೆದು ಹೊಳೆಯುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಅಡಿಕೆ ಹೋಳು ಮಾಡುತ್ತಾ ಒಂದು ಸಾಲು ಹೇಳುವುದು, ಅಜ್ಜ "ತಡಿ, ತಡಿ" ಅನ್ನುತ್ತಾ ಟೈಪ್ ಮಾಡುವುದು, ಇದೇ ನಾನು ಚಿಕ್ಕಂದಿನಿಂದ ನೋಡಿದ್ದು. ಕಂಪ್ಯೂಟರ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಆ ಮೇಜಿನ ಪಕ್ಕದಲ್ಲೇ.

ಅಜ್ಜ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಯುಗಾದಿ ಕಳೆದ ಮೇಲಿನ ಗುಡುಗು ಮಳೆ ಮಲೆನಾಡಿನವರಿಗೆಲ್ಲ ಗೊತ್ತು. ಆ ಸಂಜೆ ಪ್ಲಗ್ ಕಿತ್ತಿಡಬೇಕಾದವನು ನಾನು, ಕೀಳಲಿಲ್ಲ. ಒಂದೇ ಸಿಡಿಲಿಗೆ ಎರಡು ಬಲ್ಬು, ಟಿವಿ, ಕಂಪ್ಯೂಟರ್ ಎಲ್ಲಾ ಹೋದವು. ಹಾಡುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಹೊಸ ಪವರ್ ಸಪ್ಲೈ ತಂದು ಜೋಡಿಸಿದೆ. ಹಾರ್ಡ್ ಡಿಸ್ಕಿನ ತಂತಿ ಸಿಕ್ಕಿಸಿದರೆ ಅದು ಶುರುವಾಗುವುದೇ ಇಲ್ಲ, ತೆಗೆದರೆ ಆಗುತ್ತದೆ. ಒಂದು ಅಂಗಡಿಯಲ್ಲಿ ಡಿಸ್ಕನ್ನು ಮುಟ್ಟಿಯೂ ನೋಡದೆ ಬಿಸಾಕಿ ಅಂದರು. ಇನ್ನೊಂದು ಕಡೆ ಮೂವತ್ತು ಸಾವಿರ ಆಗಬಹುದು, ಸಿಗುತ್ತದೆ ಅಂತ ಮಾತು ಕೊಡಲಾಗುವುದಿಲ್ಲ ಅಂದರು. ಆ ವಾರ ಅಜ್ಜಿಯ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಮೊದಲ ನಮಸ್ಕಾರ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಅಣ್ಣನಿಗೆ. ಚಾರ್ಜರ್ ಪಿನ್ ಹಾಕಿಸಲು ಹೋದವನು ಸುಮ್ಮನೆ ವಿಷಯ ಹೇಳಿದೆ. "ತಗಂಡು ಬಾ, ನೋಡಣ" ಅಂದರು. ಡಿಸ್ಕಿನ ಕೆಳಗಿನ ಹಸಿರು ಬೋರ್ಡ್ ಬಿಚ್ಚಿ, ಮಲ್ಟಿಮೀಟರನ್ನು ಕರೆಂಟ್ ತಡೆಯಿಲ್ಲದೆ ಹಾದರೆ ಕೂಗುವ ಬೀಪ್‌ಗೆ ತಿರುಗಿಸಿ ನನ್ನ ಕೈಯಲ್ಲೇ ಕೊಟ್ಟರು. ವಿದ್ಯುತ್ ಒಳಬರುವ ಜಾಗದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಕಪ್ಪು ಡಯೋಡುಗಳು: ಒಂದು 5 ವೋಲ್ಟಿನ ದಾರಿಗೆ, ಇನ್ನೊಂದು 12 ವೋಲ್ಟಿನ ದಾರಿಗೆ. ಮೊದಲನೆಯದಕ್ಕೆ ಮೀಟರ್ ಸುಮ್ಮನಿತ್ತು. ಎರಡನೆಯದಕ್ಕೆ ಎರಡೂ ಕಡ್ಡಿ ತಾಗಿಸಿದ ಕೂಡಲೇ ಕುಂಯ್ ಅಂತ ಕೂಗಿತು. ಮಿತಿ ಮೀರಿದ ವೋಲ್ಟೇಜ್ ಬಂದಾಗ ಆ ಡಯೋಡ್ ಅದನ್ನು ತನ್ನ ಮೂಲಕವೇ ನೆಲಕ್ಕಿಳಿಸಿ ಉಳಿದ ಬೋರ್ಡನ್ನು ಕಾಯುತ್ತದೆ. ಏಟು ಜೋರಾದರೆ ತಾನೇ ಶಾರ್ಟ್ ಆಗಿ ಕೂತುಬಿಡುತ್ತದೆ. ಪವರ್ ಸಪ್ಲೈ ಶುರುವಾಗದೆ ಇದ್ದದ್ದು ಅದಕ್ಕೇ. ಅಣ್ಣ ಬಿಸಿಗಾಳಿ ಹಿಡಿದು, ಚಿಮಟದಲ್ಲಿ ಆ ಡಯೋಡನ್ನು ಎತ್ತಿ ತೆಗೆದರು. "ಇನ್ನು ಇದಕ್ಕೆ ಕಾವಲು ಇಲ್ಲ, ಒಳ್ಳೆ ಕರೆಂಟಲ್ಲಿ ಒಂದ್ಸಲ ಕಾಪಿ ತಗಂಡು ಎತ್ತಿಡು" ಅಂದರು. ಡಿಸ್ಕ್ ಗಿರ್ರನೆ ತಿರುಗಿತು. ಆ ಸದ್ದು ಕೇಳಿ ನನ್ನ ಕಣ್ಣು ತುಂಬಿ ಬಂತು. ಅವರು ದುಡ್ಡು ಮುಟ್ಟಲಿಲ್ಲ. ಅಮ್ಮ ಕಳಿಸಿದ ಹಲಸಿನ ಹಪ್ಪಳದ ಕಟ್ಟು ಮಾತ್ರ ಇಟ್ಟುಕೊಂಡರು.

ಎರಡನೆಯದು ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬ್ ಮೇಡಂಗೆ. ಕಾವಲಿಲ್ಲದ ಹಳೆ ಡಿಸ್ಕಿನಿಂದ ನೇರವಾಗಿ ಫೈಲ್ ತೆಗೆಯಲು ನಾನು ಹೊರಟಿದ್ದೆ. ಅವರು ತಡೆದು, ಮೊದಲು ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ನಕಲು, ತೆಗೆದುಕೋ, ಕೆಲಸವೆಲ್ಲ ಇಮೇಜ್ ಮೇಲೆ ಅಂದರು. ತಮ್ಮ ಸ್ವಂತ 500 ಜಿಬಿ ಡಿಸ್ಕನ್ನೂ, ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಕೇಬಲ್ಲನ್ನೂ ರಜೆ ಮುಗಿಯುವ ತನಕ ನನ್ನ ಹತ್ತಿರ ಬಿಟ್ಟರು. ಡಿಡಿ-ರೆಸ್ಕ್ಯೂ ಎಂಬ ತಂತ್ರಾಂಶ ತೋರಿಸಿಕೊಟ್ಟವರೂ ಅವರೇ. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಕಷ್ಟದ ಜಾಗಗಳನ್ನು ಗುರುತು ಹಾಕಿಕೊಂಡು ದಾಟಿಹೋಗಿ, ಕೊನೆಗೆ ತಿರುಗಿ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಓದಿತು ಅನ್ನುವುದನ್ನು ಒಂದು ಸಣ್ಣ ಕಡತದಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮೂರಿನ ಕರೆಂಟಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಇದನ್ನು ಬರೆದು ಜಗತ್ತಿಗೆಲ್ಲ ಬಿಟ್ಟುಕೊಟ್ಟ ಆಂಟೋನಿಯೊ ಡಿಯಾಜ್ ಡಿಯಾಜ್ ಅವರಿಗೆ ಕನ್ನಡ ಬಾರದಿರಬಹುದು, ಆದರೂ ಕನ್ನಡದಲ್ಲೇ ಹೇಳುತ್ತೇನೆ: ತುಂಬಾ ಉಪಕಾರವಾಯಿತು.

80 ಜಿಬಿ ಡಿಸ್ಕ್, 15,63,01,488 ಸೆಕ್ಟರ್. ಸೆಕ್ಟರ್ ಅಂದರೆ ಡಿಸ್ಕಿನ ಜಾಗವನ್ನು ಹಂಚಿರುವ ಸಣ್ಣ ಸಣ್ಣ ತುಂಡು. ಆರೋಗ್ಯವಾಗಿದ್ದರೆ ಒಂದೆರಡು ಗಂಟೆಯ ಕೆಲಸ. ನಮಗೆ ಮೂರು ಹಗಲು, ಮೂರು ರಾತ್ರಿ ಬೇಕಾಯಿತು. ಇನ್ವರ್ಟರಿಗೆ ಹೊರೆಯಾಗಬಾರದು ಅಂತ ಅಮ್ಮ ಅಷ್ಟೂ ದಿನ ಮಿಕ್ಸಿ ಮುಟ್ಟದೆ ಒರಳಲ್ಲಿ ರುಬ್ಬಿದರು. ಅಪ್ಪಯ್ಯನಿಗೆ ಈ ಕಂಪ್ಯೂಟರ್ ಕೆಲಸ ಏನೂ ಅರ್ಥವಾಗುವುದಿಲ್ಲ. ಆದರೂ ರಾತ್ರಿ ಎರಡಕ್ಕೆ ಎದ್ದು ಟಾರ್ಚ್ ಹಿಡಿದು ಬಂದು, "ಓದ್ತಾ ಇದ್ಯಾ ಅದು?" ಅಂತ ಕೇಳಿ ಹೋಗುತ್ತಿದ್ದರು. ಕೊನೆಗೆ ಓದಲಾಗದೆ ಉಳಿದದ್ದು 344 ಸೆಕ್ಟರ್.

ಫೈಲುಗಳು ಸಿಕ್ಕವು, ಓದಲು ಬರಲಿಲ್ಲ. ನುಡಿಯ ಹಳೆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತದೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚು. ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಈಗಿನ ಕಂಪ್ಯೂಟರ್, ಮೊಬೈಲ್ ಎಲ್ಲದರಲ್ಲೂ ಓದಲು ಬರುವ ಅಕ್ಷರ ಸಂಕೇತಕ್ಕೆ, ತರಲು ನಾನೇ ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ, ಸ್ಕ್ರಿಪ್ಟ್, ಬರೆದೆ. 'ಅಕ್ಕಿ'ಯನ್ನು ನುಡಿ ಇಟ್ಟುಕೊಳ್ಳುವುದು ಅ, ಕಿ, ಆಮೇಲೆ ಕ ಒತ್ತು ಅಂತ. ಯೂನಿಕೋಡಿನಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ. ಇದನ್ನೇನೋ ಸರಿಮಾಡಿದೆ. ಅರ್ಕಾವೊತ್ತಿನಲ್ಲಿ ಸಿಕ್ಕಿಬಿದ್ದೆ. ಬರೆಯುವಾಗ ಅದು ಅಕ್ಷರದ ನಂತರ ಬರುತ್ತದೆ, ನುಡಿಯೂ ಹಾಗೇ ಇಡುತ್ತದೆ. ಯೂನಿಕೋಡಿಗೆ ಉಚ್ಚಾರಣೆಯ ಕ್ರಮ ಬೇಕು, ರಕಾರ ಮುಂದೆ ಹೋಗಬೇಕು. ನನ್ನ ಸ್ಕ್ರಿಪ್ಟಿನಲ್ಲಿ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತಿತ್ತು. ಅರವಿಂದ ವಿ.ಕೆ. ಅವರು ಮುಕ್ತವಾಗಿ ಹಂಚಿರುವ ಪರಿವರ್ತಕದ ಕೋಡ್ ಓದಿದ ಮೇಲೆ ದಾರಿ ಕಾಣಿಸಿತು. ಅವರಿಗೂ, ಕನ್ನಡಕ್ಕಾಗಿ ಹೀಗೆ ಸದ್ದಿಲ್ಲದೆ ದುಡಿಯುವ ಎಲ್ಲರಿಗೂ ನಾನು ಋಣಿ.

ತಪ್ಪು ತಿದ್ದಿದವರು ಅಕ್ಕ ಮತ್ತು ಅಜ್ಜಿ. ಅಕ್ಕ ಮೈಸೂರಿನಿಂದ ಪ್ರತಿ ರಾತ್ರಿ ಫೋನ್ ಮಾಡಿ ಒಂದೊಂದು ಹಾಡು ಓದುವುದು. ಸಾಲು ತಪ್ಪಿದ ಕೂಡಲೇ ಅಜ್ಜಿ ಹಾಡಿಯೇ ಸರಿಪಡಿಸುವುದು. ಅಜ್ಜ ಹೋದ ಮೇಲೆ ಅಜ್ಜಿ ಹಾಡಿದ್ದನ್ನು ನಾವು ಕೇಳಿರಲಿಲ್ಲ. ಒಂದು ರಾತ್ರಿ ತೊಟ್ಟಿಲ ಹಾಡಿಗೆ ಬಂದಾಗ ಅಕ್ಕ ಓದುವುದನ್ನೇ ನಿಲ್ಲಿಸಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೊನೆತನಕ ಹಾಡಿದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಇದ್ದರು.

ಆ 344 ಸೆಕ್ಟರಿನಲ್ಲಿ ಒಂದು ಭೂಮಿ ಹುಣ್ಣಿಮೆ ಹಾಡಿನ ಅರ್ಧ ಹೋಗಿದೆ. ಅಜ್ಜಿಗೂ ಅದು ಪೂರ್ತಿ ನೆನಪಿಲ್ಲ. ಪುಸ್ತಕದಲ್ಲಿ ಆ ಪುಟದ ಕೆಳಗೆ ಜಾಗ ಖಾಲಿ ಬಿಟ್ಟಿದ್ದೇವೆ. ನಮ್ಮ ಕಡೆಯ ಯಾರ ಮನೆಯಲ್ಲಾದರೂ ಹಿರಿಯರು ಅದನ್ನು ಹಾಡುತ್ತಿದ್ದರೆ ದಯವಿಟ್ಟು ಹೇಳಿ ಕಳಿಸಿ. ಬಂದು ಬರೆದುಕೊಳ್ಳುತ್ತೇನೆ.

ಎಲ್ಲದರ ಪ್ರತಿ ಈಗ ಅಕ್ಕನ ಹತ್ತಿರ ಒಂದು, ಮೇಡಂ ಹತ್ತಿರ ಒಂದು, ನನ್ನ ಹತ್ತಿರ ಒಂದು ಇದೆ. ಮೊಬೈಲ್ ಅಂಗಡಿಯ ಅಣ್ಣನಿಗೆ ಪುಸ್ತಕವನ್ನು ನಾಳೆ ಕೊಟ್ಟು ಬರಬೇಕು. ಅಜ್ಜಿಗೆ ಮೊನ್ನೆಯಿಂದ ಹೊಸದಾಗಿ ಒಂದೆರಡು ಹಾಡು ನೆನಪಾಗಿವೆ. ಸಂಜೆ ದೀಪ ಹಚ್ಚಿದ ಮೇಲೆ ಅವರು ಹೇಳುತ್ತಾರೆ, ನಾನು ಅಜ್ಜನ ಕೀಬೋರ್ಡಿನಲ್ಲೇ ಟೈಪ್ ಮಾಡುತ್ತೇನೆ. ಎಫ್ ಎಲ್ಲಿದೆ ಅಂತ ನೋಡಬೇಕಾಗಿಲ್ಲ. ನುಣುಪು ಬೆರಳಿಗೇ ಗೊತ್ತಾಗುತ್ತದೆ.