ಮಾತ್ರೆಯ ಹೆಸರು ಕಣ್ಣಿಗೆ ಕಾಣಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಮ್ಮ ಅಪ್ಪನ ಮಾತ್ರೆ ಡಬ್ಬಿಯಲ್ಲಿ ಎರಡು ಸ್ಟ್ರಿಪ್ ಇದ್ದವು. ಒಂದರಲ್ಲಿ ಬಿಳಿಯ ಉದ್ದನೆಯ ಮಾತ್ರೆ, ಇನ್ನೊಂದರಲ್ಲಿ ಗುಂಡನೆಯದು. ಹೆಸರೂ ಬೇರೆ, ಕಂಪನಿಯೂ ಬೇರೆ. ಮೊದಲನೆಯದನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಬರೆದುಕೊಟ್ಟಿದ್ದರು, ಎರಡನೆಯದನ್ನು ಆಮೇಲೆ ತೋರಿಸಿದ ಡಾಕ್ಟರು. ಎರಡೂ ಬೇಕು ಅಂದುಕೊಂಡು ಅಪ್ಪ ಎರಡು ತಿಂಗಳು ಎರಡನ್ನೂ ನುಂಗಿದ್ದರು. ತೊಡೆ ನೋವು ಅಂತ ಹೇಳಿದ ದಿನ ನಾನು ಸ್ಟ್ರಿಪ್ ತಿರುಗಿಸಿ ಬೆಳಕಿಗೆ ಹಿಡಿದೆ. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಎರಡರಲ್ಲೂ ಒಂದೇ ಹೆಸರು: ಅಟೋರ್ವಾಸ್ಟಾಟಿನ್. ಸ್ಟಾಟಿನ್ ಅನ್ನೋ ಗುಂಪಿನ, ಕೊಲೆಸ್ಟ್ರಾಲ್ ಇಳಿಸುವ ಔಷಧ.

ಹೆದರಿದ ಅಪ್ಪ ಎರಡನ್ನೂ ಬಿಟ್ಟುಬಿಟ್ಟರು. ನನಗೆ ಹೆಚ್ಚು ಭಯವಾಗಿದ್ದು ಆಗ. ಹೃದಯಾಘಾತ ಆದವರಿಗೆ ಈ ಮಾತ್ರೆ ತಪ್ಪಬಾರದು.

ಈ ಔಷಧದ ಕಥೆ ನಿಮಗೆ ಗೊತ್ತಿರಬಹುದು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ ಮೊದಲ ಸ್ಟಾಟಿನ್ ಹುಡುಕಿದರು. ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಇದು ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಇಳಿಯುತ್ತದೆ. 1994ರಲ್ಲಿ 4,444 ಹೃದ್ರೋಗಿಗಳ ಮೇಲಿನ ಅಧ್ಯಯನದ ಫಲಿತಾಂಶ ಬಂತು. ಇದೇ ಗುಂಪಿನ ಸಿಮ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸಿಮ್ವಾಸ್ಟಾಟಿನ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಲಿಪಿಟಾರ್ ಅನ್ನೋ ಹೆಸರಿನಲ್ಲಿ ಬಂದಿದ್ದ ಅಟೋರ್ವಾಸ್ಟಾಟಿನ್‌ಗೆ 2011ರಲ್ಲಿ ಅಮೆರಿಕದಲ್ಲೂ ಜೆನೆರಿಕ್, ಅಂದರೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧ, ಬಂತು. ಇವತ್ತು ಇದನ್ನು ಎಷ್ಟೋ ಕಂಪನಿಗಳು ತಯಾರಿಸುತ್ತವೆ. ಬೆಲೆ ಇಳಿದಿದ್ದೇ ಅದರಿಂದ, ಅದು ಒಳ್ಳೆಯದೇ. ಆದರೆ ಒಂದೇ ಔಷಧಕ್ಕೆ ಹತ್ತಾರು ಹೆಸರು, ಹತ್ತಾರು ಆಕಾರ ಆಗಿದ್ದೂ ಅದರಿಂದಲೇ.

ಹಾಗಾಗಿ ನನ್ನ ಮೊದಲ ಬೇಡಿಕೆ ಸಣ್ಣದು. ಸ್ಟ್ರಿಪ್ ಮೇಲೆ ಔಷಧದ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡದಾಗಿರಲಿ, ಜನ ಓದುವ ಭಾಷೆಯಲ್ಲಿರಲಿ. ಪ್ರತಿ ಮಾತ್ರೆಯ ಹಿಂದೆಯೂ ಹೆಸರು, ಮಿಲಿಗ್ರಾಂ ಅಚ್ಚಾಗಿರಲಿ. ಅರ್ಧ ಸ್ಟ್ರಿಪ್ ಕತ್ತರಿಸಿದರೂ ಅದು ಯಾವ ಮಾತ್ರೆ ಅಂತ ಗೊತ್ತಾಗಬೇಕು, ಅಲ್ವಾ? ಡಾಕ್ಟರ ಚೀಟಿಯಲ್ಲೂ ಅದೇ ಹೆಸರು ಇರಲಿ.

ಜೆನೆರಿಕ್ ಅಂದರೆ ಕಳಪೆ ಅನ್ನೋ ಅನುಮಾನ ಇನ್ನೂ ಇದೆ. ಅದನ್ನು ಸುಮ್ನೆ ಬೈದು ಓಡಿಸೋಕೆ ಆಗಲ್ಲ. ಮೂಲ ಔಷಧದಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆ ಅಂತ ಜೆನೆರಿಕ್ ತಯಾರಿಸುವವರು ಪರೀಕ್ಷೆಯಿಂದ ತೋರಿಸಬೇಕು. ಆ ಫಲಿತಾಂಶವನ್ನೂ ಮಾರುಕಟ್ಟೆಯಿಂದ ತೆಗೆದ ಮಾದರಿಗಳ ವರದಿಯನ್ನೂ ಎಲ್ಲರೂ ನೋಡುವಂತೆ ಇಡಿ. ಕಣ್ಣಾರೆ ನೋಡಿದರೆ ಜನ ನಂಬುತ್ತಾರೆ.

ಸರ್ಕಾರಿ ಔಷಧ ಮಳಿಗೆಗಳಲ್ಲಿ ಈ ಮಾತ್ರೆಯ ದಾಸ್ತಾನು ಯಾವತ್ತೂ ಖಾಲಿಯಾಗದ ಹಾಗೆ ನೋಡಿಕೊಳ್ಳಿ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಕೊಲೆಸ್ಟ್ರಾಲ್ ಮತ್ತೆ ಏರುತ್ತದೆ. ರಿಪೋರ್ಟ್ ನಾರ್ಮಲ್ ಬಂತು, ಇನ್ಯಾಕೆ ಮಾತ್ರೆ ಅಂತ ಬಿಡುವವರು ಜಾಸ್ತಿ. ಮಾತ್ರೆಯಿಂದಲೇ ನಾರ್ಮಲ್ ಬಂದಿದ್ದು ಅಂತ ಅವರಿಗೆ ಯಾರೂ ಕೂರಿಸಿ ಹೇಳಿರುವುದಿಲ್ಲ.

ಮೈಕೈ ನೋವಿನ ಭಯವೂ ಹಾಗೇ. ತೊಂದರೆ ಆಗುತ್ತದೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರ ಮೇಲೆ ನಡೆದ ಬ್ರಿಟನ್ನಿನ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅವರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಕೊಡಲಿಲ್ಲ. ಸ್ಟಾಟಿನ್ ನುಂಗಿದಾಗ ಆದ ತೊಂದರೆಯ ಶೇ. 90ರಷ್ಟು ಖಾಲಿ ಮಾತ್ರೆಯಲ್ಲೂ ಕಾಣಿಸಿತ್ತು. ಹಾಗಂತ ನೋವು ಸುಳ್ಳಲ್ಲ. ಅಪರೂಪಕ್ಕೆ ಸ್ನಾಯುಗಳಿಗೆ ನಿಜವಾಗಿಯೂ ಪೆಟ್ಟಾಗುತ್ತದೆ. ತೀವ್ರ ನೋವು, ಸುಸ್ತು, ಕಡು ಬಣ್ಣದ ಮೂತ್ರ ಕಂಡರೆ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಇಷ್ಟನ್ನು ತಿಳಿಸಿ ಹೇಳಲು ಔಷಧ ಕೊಡುವವರಿಗೆ ಐದು ನಿಮಿಷ ಬೇಕು. ಆ ಐದು ನಿಮಿಷ ಅವರ ಕೆಲಸದ ಭಾಗವಾಗಲಿ, ಅದಕ್ಕೆ ಬೇಕಾದಷ್ಟು ಜನರನ್ನು ನೇಮಿಸಿ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಅಪ್ಪ ಈಗ ಒಂದೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಪ್ರತಿ ಸಲ ಹೊಸ ಸ್ಟ್ರಿಪ್ ತಂದಾಗ ಬಿಳಿ ಟೇಪ್ ಅಂಟಿಸಿ, ದಪ್ಪ ಪೆನ್ನಿನಲ್ಲಿ 'ಕೊಲೆಸ್ಟ್ರಾಲ್ ಮಾತ್ರೆ, ದಿನಕ್ಕೆ ಒಂದು' ಅಂತ ಬರೆಯುತ್ತೇನೆ. ಆ ಟೇಪ್ ಅಂಟಿಸಿದ ಒಂದು ಖಾಲಿ ಸ್ಟ್ರಿಪ್ಪನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ದಯವಿಟ್ಟು ಟೇಪ್ ಕಿತ್ತು, ಕೆಳಗಿರುವ ಹೆಸರನ್ನು ಒಮ್ಮೆ ಓದಲು ಪ್ರಯತ್ನಿಸಿ.

ಇಂತಿ,
ಒಬ್ಬ ಹೃದ್ರೋಗಿಯ ಮಗಳು