ಮೂರು ‘ಸೀಸನ್ 1’ ಮತ್ತು ಒಂದು ಜಗಳ

ಮಾನ್ಯ ಸಂಪಾದಕರೇ,

‘ಡಾಕ್ಟರ್’ ಎಂಬ ಕಾಲಯಾನಿಯ ಸಾಹಸಗಳ ಬಿಬಿಸಿ ಟಿವಿ ಸರಣಿ ‘ಡಾಕ್ಟರ್ ಹೂ’ ಹಳೆಯದು ಮೇಲೋ ಹೊಸದು ಮೇಲೋ ಎಂದು ಈ ಅಂಕಣದಲ್ಲಿ ಓದುಗರು ಜಟಾಪಟಿಗೆ ಇಳಿದಿದ್ದಾರೆ. ಇದರಲ್ಲಿ ಅರ್ಧ ಜಗಳ ನೋಡುವ ಕ್ರಮ ತಪ್ಪಿದ್ದರಿಂದ ಹುಟ್ಟಿದ್ದು.

ಎಣಿಕೆ ಎರಡು ಸಲ ಹೊಸದಾಗಿ ಶುರುವಾದದ್ದರಿಂದ ಈ ಸರಣಿಗೆ ‘ಸೀಸನ್ 1’ ಮೂರಿವೆ: ಹಳೆಯದೆಂದರೆ 1963ರದು, ಹೊಸದೆಂದರೆ 2005ರದು, 2024ರದು. ಒಬ್ಬರು ಮೂರನೆಯದನ್ನು ನೋಡಿ ಬೈದರೆ ಇನ್ನೊಬ್ಬರು ಎರಡನೆಯದನ್ನು ನೆನೆದು ವಾದಕ್ಕೆ ನಿಲ್ಲುತ್ತಾರೆ. ಹೊಸಬರು 2005ರಿಂದ ಹಿಡಿಯಲಿ. ಹಳೆಯದರ ಗಂಧವೇ ಇಲ್ಲದವರಿಗೂ ತಿಳಿಯುವಂತೆ ಬರೆದದ್ದು ಅದು.

ಹಳೆಯದು ಎಳೆದಾಟ ಎನ್ನುವ ಹುಡುಗರೇ, ಆ ಕಂತುಗಳು ಸುಮಾರು 25 ನಿಮಿಷದವು. ಒಂದು ಕಥೆಗೆ ಹೆಚ್ಚಾಗಿ ನಾಲ್ಕೋ ಆರೋ ಕಂತು, ಬಹುಕಾಲ ವಾರಕ್ಕೊಂದರಂತೆ ಬಂದವು. ಹಿಂದಿನ ಕಂತಿನ ಕೊನೆಯ ಗಂಡಾಂತರವನ್ನೇ ಮತ್ತೆ ತೋರಿಸಿ ಮುಂದಿನದು ಶುರುವಾಗುತ್ತದೆ. ಆರನ್ನೂ ಒಂದೇ ರಾತ್ರಿ ನುಂಗಿದರೆ ಅದೇ ಕಿರುಚಾಟ ಎರಡೆರಡು ಸಲ ಕೇಳಬೇಕು. ಮಂಡಕ್ಕಿ ಒಗ್ಗಾಣಿಯನ್ನು ತಣ್ಣಗಾಗಿಸಿ ತಿಂದು ಹೋಟೆಲಿನವರನ್ನು ಬೈದಂತಾಯಿತು. ದಿನಕ್ಕೊಂದು ಕಂತು ನೋಡಿ. ಡಾಕ್ಟರನ ವೈರಿಗಳಾದ ಡಾಲೆಕ್‌ಗಳ 1963–64ರ ಏಳು ಕಂತಿನ ಕಥೆಯನ್ನು 2023ರಲ್ಲಿ 75 ನಿಮಿಷಕ್ಕೆ ಕತ್ತರಿಸಿ ಬಣ್ಣ ಬಳಿದರಲ್ಲ, ಅದನ್ನು ನೋಡಿ ಮಾತ್ರ ಹಳೆಯದನ್ನು ಅಳೆಯಬೇಡಿ.

45 ನಿಮಿಷದ ಕಂತು ತಂದು ಹೊಸ ಸರಣಿಯವರು ಕೆಡಿಸಿದರು ಎನ್ನುವ ಹಿರಿಯರ ವಾದವೂ ನಿಲ್ಲದು. 1985ರಲ್ಲಿ ಹಳೆಯ ಸರಣಿಯೇ 45 ನಿಮಿಷಕ್ಕೆ ಹೋಗಿ, ಮರುವರ್ಷ 25ಕ್ಕೆ ವಾಪಸಾಗಿತ್ತು. ಆದರೆ ಡಾಕ್ಟರ್ ಕೈಯಲ್ಲಿರುವ ಪುಟ್ಟ ಸಾಧನ ‘ಸೋನಿಕ್ ಸ್ಕ್ರೂಡ್ರೈವರ್’ ಬಳಕೆ ಅತಿಯಾಯಿತು ಎಂದು ಅವರು ಹೇಳುವುದು ಸರಿ. ಅದಿದ್ದರೆ ಡಾಕ್ಟರ್ ಎಲ್ಲ ಸಂಕಟದಿಂದ ಸಲೀಸಾಗಿ ಪಾರಾಗುತ್ತಾನೆಂದು 1982ರಲ್ಲಿ ಕಥೆಯೊಳಗೇ ಅದನ್ನು ನಾಶ ಮಾಡಿಸಿದ್ದರು. ಹೊಸದರಲ್ಲಿ ಬಾಗಿಲು ತೆರೆಯಲು, ರೋಗ ಪತ್ತೆಗೆ, ಕಂಪ್ಯೂಟರ್ ಕೆಡಿಸಲು, ಎಲ್ಲಕ್ಕೂ ಅದೇ. ಹೊಸ ಗ್ರಹ, ಹೊಸ ಜನರ ಪರಿಚಯಕ್ಕೇ ಅರ್ಧ ಗಂಟೆ ಹೋದರೆ ಕೊನೆಗೆ ಬರಹಗಾರನ ಕೈ ಆ ಸಾಧನದ ಕಡೆಗೇ ಹೋಗುತ್ತದೆ. ಮರದ ಬಾಗಿಲಿಗೆ ನಡೆಯದು ಎಂಬಂಥ ಒಂದೆರಡು ಕಟ್ಟುಪಾಡುಗಳಷ್ಟೇ ಉಳಿದಿರುವುದು!

1970ರ ದಶಕದ ಕಂತುಗಳಲ್ಲಿ ಪಾತ್ರಗಳು ಮನೆಯಿಂದ ಹೊರಬಿದ್ದ ಕೂಡಲೇ ಚಿತ್ರ ಮಸುಕಾಗಿ ಕಾಳುಕಾಳಾಗುವುದು ಪ್ರತಿಯ ದೋಷವಲ್ಲ. ಸಾಮಾನ್ಯವಾಗಿ ಒಳಾಂಗಣವನ್ನು ವಿಡಿಯೊದಲ್ಲಿ, ಹೊರಾಂಗಣವನ್ನು 16 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸುತ್ತಿದ್ದರು. ಟಿವಿಯಲ್ಲಿ ಚಿತ್ರದ ಅಗಲ–ಎತ್ತರದ ಅನುಪಾತವನ್ನು 4:3ಕ್ಕೆ ಇಟ್ಟು, ಚಲನೆಯನ್ನು ನಯವಾಗಿಸುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ. ಪರದೆ ತುಂಬ ಎಳೆದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ.

ಸಿನಿಮಾ ಪುಟದಲ್ಲಿ ಈ ಸರಣಿಯ ಸುದ್ದಿ ಹಾಕುವಾಗ ಸೀಸನ್ ಸಂಖ್ಯೆಯ ಜೊತೆ ಇಸವಿಯನ್ನೂ ಮುದ್ರಿಸಬೇಕಾಗಿ ವಿನಂತಿ.

– ಓದುಗರು, ಬಳ್ಳಾರಿ