ರಾತ್ರಿ ಪಾಳಿಯ ನರ್ಸ್ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳೋಕೂ ಆಗಲಿಲ್ಲ ನನಗೆ. ಹೆರಿಗೆಯಾಗಿ ಮೂರನೇ ರಾತ್ರಿ. ತೊಟ್ಟು ಒಡೆದು ರಕ್ತ ಬರುತ್ತಿತ್ತು, ಮಗು ಎರಡು ಸಲ ಚೀಪಿ ಬಿಟ್ಟು ಅಳುತ್ತಿತ್ತು. ನೋಡೋಕೆ ಬಂದವರೆಲ್ಲ ಹಾಲೇ ಇಲ್ಲ, ಡಬ್ಬಿ ಹಾಲು ಕೊಡು ಅಂದಿದ್ದರು. ನೀವು ಮಾತ್ರ ಪಕ್ಕದಲ್ಲಿ ಕೂತು ಸುಮ್ನೆ ನೋಡಿದಿರಿ. "ಹಾಲಿದೆ ಕಣಮ್ಮ, ಮಗು ಸರಿಯಾಗಿ ಹಿಡಿದಿಲ್ಲ ಅಷ್ಟೇ."

ನನ್ನ ಬೆನ್ನಿಗೆ ದಿಂಬು ಕೊಟ್ಟು, ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಮೂಗಿನ ನೇರಕ್ಕೆ ತೊಟ್ಟು ತಂದು, ಮೇಲ್ದುಟಿಗೆ ಸವರಿ, ಆಕಳಿಸುವಷ್ಟು ಬಾಯಿ ತೆರೆಯೋವರೆಗೂ ಕಾದು, ಆಮೇಲೆ ತಟ್ಟನೆ ಎದೆಗೆ ತಂದಿರಿ. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ಗದ್ದ ಎದೆಗೆ ಒತ್ತಿತು, ಕೆಳದುಟಿ ಹೊರಕ್ಕೆ ಮಡಚಿಕೊಂಡಿತು. ನೋವಾದರೆ ಎಳೀಬೇಡ, ಬಾಯಂಚಿಗೆ ಕಿರುಬೆರಳು ತೂರಿಸಿ ಬಿಡಿಸು, ಮತ್ತೆ ಹಿಡಿಸು ಅಂದಿರಿ. ಆಗ ಗುಟುಕ್ ಗುಟುಕ್ ಅಂತ ನುಂಗೋ ಸದ್ದು ಕೇಳಿತು ನೋಡಿ, ಅತ್ತುಬಿಟ್ಟೆ.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ, ತೊಟ್ಟಿನ ಗಾಯ ಮಾಯೋಕೆ ವಾರ ಹಿಡಿಯಿತು. ಈಗ ಮಗಳಿಗೆ 5 ತಿಂಗಳು, ಇನ್ನೂ ಎದೆಹಾಲೇ. ಕೈ ಮುಗಿಯುತ್ತೇನೆ ಅಕ್ಕಾ. ನಿಮಗೆ ಒಳ್ಳೇದಾಗಲಿ.